ಹೆಲೆನ್ ಕೆಲರ್ ಬರೆದ ಎರಡು ಪರೀಕ್ಷೆಗಳು



ಹೆಲೆನ್ ಕೆಲರ್ ಅವರ ಹೆಸರನ್ನು ಕೇಳದವರು ನಿಮ್ಮಲ್ಲಿ ವಿರಳ. ಕಣ್ಣು ಕಾಣದ, ಕಿವಿ ಕೇಳದ ಪುಟ್ಟ ಹುಡುಗಿಯೊಬ್ಬಳು ನೀರಿನ ಪಂಪಿನ ಬಳಿ ನಿಂತು ಮೊದಲ ಪದದ ಅರ್ಥ ತಿಳಿದುಕೊಂಡ ಕಥೆಯನ್ನು ನೀವು ಪುಸ್ತಕದಲ್ಲಿ ಓದಿರಬಹುದು, ಶಾಲಾ ವಾರ್ಷಿಕೋತ್ಸವದ ಭಾಷಣದಲ್ಲಿ ಕೇಳಿರಬಹುದು. ಛಲವಿದ್ದರೆ ಏನನ್ನೂ ಸಾಧಿಸಬಹುದು ಎಂಬ ನೀತಿಯೊಂದಿಗೆ ಆ ಕಥೆ ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತದೆ. ಆದರೆ ಶಿಕ್ಷಣ ಕ್ಷೇತ್ರದಲ್ಲಿ ದುಡಿಯುವವರು ತಿಳಿಯಬೇಕಾದ ಭಾಗ ಅದರ ನಂತರ ಬರುತ್ತದೆ. ಅದೇ ಹುಡುಗಿ ಹದಿನೇಳು ತುಂಬಿದಾಗ ಒಮ್ಮೆ, ಹತ್ತೊಂಬತ್ತು ತುಂಬಿದಾಗ ಮತ್ತೊಮ್ಮೆ ಕಾಲೇಜಿನ ಪ್ರವೇಶ ಪರೀಕ್ಷೆಗೆ ಕುಳಿತಳು. ಎರಡರಲ್ಲೂ ತೇರ್ಗಡೆಯಾದಳು. ಆದರೆ ಮೊದಲನೆಯದರಲ್ಲಿ ಆಕೆ ತನಗೆ ಗೊತ್ತಿದ್ದುದನ್ನು ಬರೆದಳು; ಎರಡನೆಯದರಲ್ಲಿ ಪ್ರಶ್ನೆ ಏನೆಂದು ಅರಿಯಲೇ ಆಕೆ ಹೆಣಗಬೇಕಾಯಿತು. ಹೀಗೇಕಾಯಿತು ಎಂಬುದನ್ನು ತಿಳಿದುಕೊಂಡರೆ ನಮ್ಮ ಮಕ್ಕಳು ಬರೆಯುವ ಪರೀಕ್ಷೆಗಳನ್ನೂ ನೀವು ಇನ್ನಷ್ಟು ಎಚ್ಚರದಿಂದ ನೋಡುವಿರಿ.

ಬಾಲ್ಯ ಮತ್ತು ಗುರು

ಹೆಲೆನ್ ಹುಟ್ಟಿದ್ದು 1880ರ ಜೂನ್ 27ರಂದು, ಅಮೆರಿಕದ ಅಲಬಾಮಾ ರಾಜ್ಯದ ಟಸ್ಕಂಬಿಯಾ ಎಂಬ ಸಣ್ಣ ಊರಿನಲ್ಲಿ. ಹುಟ್ಟುವಾಗ ಆಕೆ ಎಲ್ಲ ಮಕ್ಕಳಂತೆಯೇ ಇದ್ದಳು. ಹತ್ತೊಂಬತ್ತು ತಿಂಗಳ ಮಗುವಾಗಿದ್ದಾಗ ಬಂದ ತೀವ್ರ ಕಾಯಿಲೆಯೊಂದು ದೃಷ್ಟಿಯನ್ನೂ ಶ್ರವಣವನ್ನೂ ಕಸಿದುಕೊಂಡಿತು. ಮಾತು ಕಲಿಯುವ ಮೊದಲೇ ಕಿವಿ ಹೋದುದರಿಂದ ಮಾತೂ ಬರಲಿಲ್ಲ. ಬೇಕಾದುದನ್ನು ಹೇಳಲಾಗದ ಸಿಟ್ಟಿನಲ್ಲಿ ಮಗು ಒದೆಯುತ್ತಿತ್ತು, ಕಿರುಚುತ್ತಿತ್ತು. ಇಂಥ ಮಗುವನ್ನು ಯಾವುದಾದರೂ ಆಶ್ರಮಕ್ಕೆ ಸೇರಿಸುವುದೇ ಮೇಲೆಂದು ಬಂಧುಗಳಲ್ಲಿ ಕೆಲವರು ಭಾವಿಸಿದ್ದರು.

ತಂದೆತಾಯಿ ಒಪ್ಪಲಿಲ್ಲ. 1886ರಲ್ಲಿ ತಂದೆ ಆಕೆಯನ್ನು ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರ ಬಳಿಗೆ ಕರೆದೊಯ್ದರು. ಟೆಲಿಫೋನಿನ ಪಿತಾಮಹರೆಂದು ನಮಗೆ ಪರಿಚಿತರಾದ ಬೆಲ್ ಅವರ ತಾಯಿಗೂ ಪತ್ನಿಗೂ ಕಿವಿ ಕೇಳುತ್ತಿರಲಿಲ್ಲ. ಕಿವುಡ ಮಕ್ಕಳ ಶಿಕ್ಷಣ ಅವರ ಜೀವನದ ದೊಡ್ಡ ಕಾಳಜಿಯಾಗಿತ್ತು. ಅವರು ಬೋಸ್ಟನ್ನಿನ ಪರ್ಕಿನ್ಸ್ ಅಂಧರ ಶಾಲೆಯ ದಾರಿ ತೋರಿಸಿದರು. ಅಲ್ಲಿಂದ 1887ರ ಮಾರ್ಚ್ 3ರಂದು ಹೆಲೆನ್‌ಳ ಮನೆಗೆ ಬಂದವರೇ ಆನ್ ಸುಲಿವನ್. ವಯಸ್ಸು ಇನ್ನೂ ಇಪ್ಪತ್ತು. ಬಡತನದಲ್ಲಿ ಬೆಳೆದು, ಕಣ್ಣಿನ ರೋಗದಿಂದ ಸ್ವತಃ ಅರೆದೃಷ್ಟಿಯವರಾಗಿದ್ದ ಆಕೆ ಆ ಶಾಲೆಯ ಹಳೆ ವಿದ್ಯಾರ್ಥಿನಿ.

ಬೆರಳುಗಳನ್ನು ಬೇರೆ ಬೇರೆ ರೀತಿಯಲ್ಲಿ ಮಡಚಿ ಒಂದೊಂದು ಅಕ್ಷರವನ್ನು ಸೂಚಿಸುವ ಪದ್ಧತಿಯೊಂದಿದೆ. ಅದನ್ನು ಬೆರಳಕ್ಷರ ಎನ್ನೋಣ. ಹೇಳುವವರು ತಮ್ಮ ಬೆರಳುಗಳನ್ನು ಹೆಲೆನ್‌ಳ ಅಂಗೈಯೊಳಗಿಟ್ಟು ಅಕ್ಷರಗಳನ್ನು ಮೂಡಿಸಿದರೆ ಆಕೆ ಸ್ಪರ್ಶದಿಂದ ಓದಬೇಕು. ಏಪ್ರಿಲ್ 5ರಂದು ಒಂದು ಕೈಯ ಮೇಲೆ ಪಂಪಿನ ನೀರು ಸುರಿಯುತ್ತಿರುವಾಗ ಇನ್ನೊಂದು ಕೈಯಲ್ಲಿ ಗುರು ನೀರು ಎಂಬ ಪದವನ್ನು ಬರೆದರು. ಪ್ರತಿಯೊಂದು ವಸ್ತುವಿಗೂ ಹೆಸರಿದೆ ಎಂಬುದು ಹೆಲೆನ್‌ಗೆ ಆ ಕ್ಷಣ ಹೊಳೆಯಿತು. ಇಲ್ಲಿಯವರೆಗಿನದು ನೀವು ಬಲ್ಲ ಕಥೆ.

ಕಾಲೇಜಿನ ಕನಸು

ಮುಂದಿನ ವರ್ಷಗಳಲ್ಲಿ ಹೆಲೆನ್ ಉಬ್ಬಕ್ಷರದ ಪುಸ್ತಕಗಳನ್ನು ಓದಿದಳು, ಬ್ರೈಲ್ ಕಲಿತಳು, ಟೈಪ್‌ರೈಟರ್ ಬಳಸಲು ಕಲಿತಳು, ಕಷ್ಟಪಟ್ಟು ಮಾತನಾಡಲೂ ಕಲಿತಳು. ಆಕೆಗೆ ಹಾರ್ವರ್ಡ್‌ನಲ್ಲಿ ಓದುವ ಆಸೆ. ಅಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶವಿಲ್ಲದಿದ್ದುದರಿಂದ ಅದಕ್ಕೆ ಹೊಂದಿಕೊಂಡಂತಿದ್ದ ಮಹಿಳಾ ಕಾಲೇಜು ರಾಡ್‌ಕ್ಲಿಫ್ ಸೇರಲು ನಿರ್ಧರಿಸಿದಳು. ಅಲ್ಲಿಗೆ ಸೇರಬೇಕಾದರೆ ಹಾರ್ವರ್ಡ್‌ನ ಪ್ರವೇಶ ಪರೀಕ್ಷೆಗಳಲ್ಲಿ ಉತ್ತೀರ್ಣಳಾಗಬೇಕಿತ್ತು. ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ, ಒಂದೇ ಅಳತೆಗೋಲು.

ಸಿದ್ಧತೆಗಾಗಿ 1896ರ ಅಕ್ಟೋಬರಿನಲ್ಲಿ ಆಕೆ ಕೇಂಬ್ರಿಜ್‌ನ ಹೆಣ್ಣುಮಕ್ಕಳ ಶಾಲೆಯೊಂದಕ್ಕೆ ಸೇರಿದಳು. ಕಣ್ಣು ಕಿವಿ ಸರಿಯಿದ್ದ ಹುಡುಗಿಯರ ಜೊತೆಯಲ್ಲಿ ಆಕೆ ತರಗತಿಯಲ್ಲಿ ಕುಳಿತದ್ದು ಅದೇ ಮೊದಲು. ಪಕ್ಕದಲ್ಲಿ ಕುಳಿತ ಸುಲಿವನ್ ಶಿಕ್ಷಕರ ಪ್ರತಿಯೊಂದು ಮಾತನ್ನೂ ಆಕೆಯ ಅಂಗೈಗೆ ತಲುಪಿಸುತ್ತಿದ್ದರು. ಕೈ ಕೇಳಿಸಿಕೊಳ್ಳುವ ಕೆಲಸದಲ್ಲಿದ್ದುದರಿಂದ ಹೆಲೆನ್ ತರಗತಿಯಲ್ಲಿ ಟಿಪ್ಪಣಿ ಬರೆದುಕೊಳ್ಳುವಂತಿರಲಿಲ್ಲ. ಎಲ್ಲವನ್ನೂ ನೆನಪಿನಲ್ಲಿಟ್ಟುಕೊಂಡು ಮನೆಗೆ ಬಂದು ಟೈಪ್ ಮಾಡುತ್ತಿದ್ದಳು. ಬೇಕಾದ ಪುಸ್ತಕಗಳಲ್ಲಿ ಅನೇಕವು ಬ್ರೈಲ್‌ನಲ್ಲಿರಲಿಲ್ಲ. ಕಪ್ಪುಹಲಗೆಯ ಮೇಲಿನ ರೇಖಾಗಣಿತದ ಚಿತ್ರಗಳು ಕಾಣದಿದ್ದುದರಿಂದ ತುದಿ ಬಾಗಿಸಿದ ತಂತಿಗಳನ್ನು ದಿಂಬಿಗೆ ಚುಚ್ಚಿ ತ್ರಿಕೋನ, ವೃತ್ತಗಳನ್ನು ಮಾಡಿಕೊಂಡು ಮುಟ್ಟಿ ಅರಿಯುತ್ತಿದ್ದಳು.

ಆ ಶಾಲೆಯಲ್ಲಿ ಇಬ್ಬರು ಮಾತ್ರ ಬೆರಳಕ್ಷರ ಕಲಿಯುವ ಮನಸ್ಸು ಮಾಡಿದರು. ಒಬ್ಬರು ಜರ್ಮನ್ ಕಲಿಸುತ್ತಿದ್ದ ಶಿಕ್ಷಕಿ ಫ್ರಾವ್ ಗ್ರೋಟೆ; ಇನ್ನೊಬ್ಬರು ಮುಖ್ಯಸ್ಥರಾಗಿದ್ದ ಆರ್ಥರ್ ಗಿಲ್ಮನ್. ಅವರ ಬೆರಳುಗಳು ನಿಧಾನವಾಗಿದ್ದವು, ತಡವರಿಸುತ್ತಿದ್ದವು. ಆದರೆ ವರ್ಷದ ಕೊನೆಯಲ್ಲಿ ಈ ತಡವರಿಸುವ ಬೆರಳುಗಳೇ ಹೆಲೆನ್‌ಳ ನೆರವಿಗೆ ಬಂದವು.

ಮೊದಲ ಪರೀಕ್ಷೆ, 1897

1897ರ ಜೂನ್ 29ರಿಂದ ಜುಲೈ 3ರವರೆಗೆ ಪ್ರಾಥಮಿಕ ಹಂತದ ಪರೀಕ್ಷೆಗಳು ನಡೆದವು. ಜರ್ಮನ್, ಫ್ರೆಂಚ್, ಲ್ಯಾಟಿನ್, ಇಂಗ್ಲಿಷ್ ಭಾಷೆಗಳು ಮತ್ತು ಗ್ರೀಸ್, ರೋಮ್‌ಗಳ ಇತಿಹಾಸ ಹೆಲೆನ್ ಆಯ್ದುಕೊಂಡ ವಿಷಯಗಳು. ಟೈಪ್‌ರೈಟರಿನ ಸದ್ದು ಇತರರಿಗೆ ತೊಂದರೆಯಾಗಬಾರದೆಂದು ಆಕೆಗೆ ಪ್ರತ್ಯೇಕ ಕೋಣೆ ಕೊಟ್ಟರು. ಸುಲಿವನ್ ಅವರ ಬದಲು ಗಿಲ್ಮನ್ ಅವರೇ ಒಳಗೆ ಕುಳಿತು ಪ್ರಶ್ನೆಗಳನ್ನು ಒಂದೊಂದೇ ಪದವಾಗಿ ಆಕೆಯ ಅಂಗೈಗೆ ತಿಳಿಸಿದರು. ಯಾರೂ ಒಳಬಂದು ಅಡ್ಡಿಪಡಿಸದಂತೆ ಬಾಗಿಲಿಗೆ ಕಾವಲುಗಾರನಿದ್ದ. ಹೆಲೆನ್ ಉತ್ತರಗಳನ್ನು ಟೈಪ್ ಮಾಡಿದಳು. ತಾನು ಟೈಪ್ ಮಾಡಿದ್ದನ್ನು ತಾನೇ ಓದುವ ಹಾಗಿರಲಿಲ್ಲ. ಗಿಲ್ಮನ್ ಅದನ್ನು ಓದಿ ತಿಳಿಸಿದರು, ಆಕೆ ಹೇಳಿದ ತಿದ್ದುಪಡಿಗಳನ್ನು ಸೇರಿಸಿದರು.

ಇಲ್ಲಿ ಒಂದು ಅಂಶ ಗಮನಿಸಿ. ಪ್ರಶ್ನೆಗಳಲ್ಲಿ ಒಂದಕ್ಷರವೂ ಬದಲಾಗಲಿಲ್ಲ, ಉತ್ತರವನ್ನು ಯಾರೂ ಹೇಳಿಕೊಡಲಿಲ್ಲ. ಪ್ರಶ್ನೆ ಒಳಗೆ ಹೋಗುವ ಮತ್ತು ಉತ್ತರ ಹೊರಗೆ ಬರುವ ದಾರಿಯನ್ನಷ್ಟೇ ಬದಲಿಸಲಾಯಿತು. ಹೆಲೆನ್ ಎಲ್ಲ ವಿಷಯಗಳಲ್ಲೂ ಉತ್ತೀರ್ಣಳಾದಳು. ಜರ್ಮನ್ ಮತ್ತು ಇಂಗ್ಲಿಷ್‌ನಲ್ಲಿ ವಿಶೇಷ ಶ್ರೇಣಿಯೂ ದೊರೆಯಿತು.

ಒಂದು ಕೊರತೆ ಮಾತ್ರ ಉಳಿಯಿತು. ಆ ಪರೀಕ್ಷೆಯಲ್ಲಿ ಯಾರ ಉತ್ತರಪತ್ರಿಕೆ ಯಾರದೆಂದು ಮೌಲ್ಯಮಾಪಕರಿಗೆ ತಿಳಿಯಬಾರದೆಂದು ಹೆಸರಿನ ಬದಲು ಸಂಖ್ಯೆ ಕೊಡುತ್ತಿದ್ದರು. ಹೆಲೆನ್‌ಳ ಸಂಖ್ಯೆ 233. ಆದರೆ ಟೈಪ್ ಮಾಡಿದ ಉತ್ತರಪತ್ರಿಕೆಯನ್ನು ಕಂಡೊಡನೆ ಅದು ಯಾರದೆಂದು ತಿಳಿದುಬಿಡುತ್ತಿತ್ತು. ಎಲ್ಲರಿಗೂ ಇದ್ದ ಅನಾಮಧೇಯತೆಯ ರಕ್ಷಣೆ ಆಕೆಗೊಬ್ಬಳಿಗೆ ಇರಲಿಲ್ಲ.

ಎರಡನೆಯ ಪರೀಕ್ಷೆ, 1899

ಎರಡನೆಯ ವರ್ಷ ಶಾಲೆಯಲ್ಲಿ ಭಿನ್ನಾಭಿಪ್ರಾಯ ಹುಟ್ಟಿತು. ಹೆಲೆನ್‌ಗೆ ಓದಿನ ಹೊರೆ ಹೆಚ್ಚಾಗುತ್ತಿದೆ, ಇನ್ನೂ ಕೆಲವು ವರ್ಷ ನಿಧಾನವಾಗಿ ಓದಲಿ ಎಂಬುದು ಗಿಲ್ಮನ್ ಅವರ ನಿಲುವು. ಸುಲಿವನ್ ಅದನ್ನು ಒಪ್ಪಲಿಲ್ಲ. ಕೊನೆಗೆ ತಾಯಿ ಮಗಳನ್ನು ಶಾಲೆಯಿಂದ ಬಿಡಿಸಿದರು. ಮುಂದೆ ಮರ್ಟನ್ ಕೀತ್ ಎಂಬ ಶಿಕ್ಷಕರು ಖಾಸಗಿಯಾಗಿ ಪಾಠ ಹೇಳಿದರು. ಗಣಿತದಲ್ಲಿ ಹಿಂದಿದ್ದ ಹೆಲೆನ್ ಅವರ ತಾಳ್ಮೆಯ ಬೋಧನೆಯಿಂದ ಬೀಜಗಣಿತ, ರೇಖಾಗಣಿತಗಳಲ್ಲಿ ಹಿಡಿತ ಸಾಧಿಸಿದಳು.

1899ರ ಜೂನ್ 29 ಮತ್ತು 30ರಂದು ಅಂತಿಮ ಪರೀಕ್ಷೆಗಳು. ಮೊದಲ ದಿನ ಗ್ರೀಕ್ ಮತ್ತು ಲ್ಯಾಟಿನ್. ಎರಡನೆಯ ದಿನ ರೇಖಾಗಣಿತ, ಬೀಜಗಣಿತ ಮತ್ತು ಮೇಲ್ಮಟ್ಟದ ಗ್ರೀಕ್. ಈ ಸಲ ಸುಲಿವನ್ ಪ್ರಶ್ನೆಗಳನ್ನು ತಿಳಿಸಬಾರದೆಂದು ಕಾಲೇಜಿನವರು ನಿರ್ಧರಿಸಿದರು. ಬದಲಿಗೆ ಪರ್ಕಿನ್ಸ್ ಶಾಲೆಯ ಶಿಕ್ಷಕ ಯೂಜೀನ್ ವೈನಿಂಗ್ ಪ್ರಶ್ನೆಗಳನ್ನು ಬ್ರೈಲ್‌ಗೆ ಇಳಿಸಿ ಕೊಡಬೇಕೆಂದು ಏರ್ಪಾಡಾಯಿತು. ವೈನಿಂಗ್ ಆಕೆಗೆ ಅಪರಿಚಿತರು. ಬ್ರೈಲ್‌ನಲ್ಲಿ ಬರೆದು ಕೊಡುವುದನ್ನು ಬಿಟ್ಟರೆ ಆಕೆಯೊಂದಿಗೆ ಸಂವಾದಿಸಲು ಅವರಿಗೆ ಬೇರೆ ದಾರಿಯಿರಲಿಲ್ಲ. ಮೇಲ್ವಿಚಾರಕರೂ ಅಪರಿಚಿತರೇ.

ಕಾಗದದ ಮೇಲೆ ನೋಡಿದರೆ ಇದು ಒಳ್ಳೆಯ ಏರ್ಪಾಡು. ಅಂಧ ವಿದ್ಯಾರ್ಥಿನಿಗೆ ಬ್ರೈಲ್ ಪ್ರಶ್ನೆಪತ್ರಿಕೆ. ಇನ್ನೇನು ಬೇಕು ಎಂದು ಯಾರಾದರೂ ಕೇಳಬಹುದು. ಭಾಷಾ ವಿಷಯಗಳಲ್ಲಿ ಇದು ನಡೆಯಿತು ಕೂಡ. ಕಷ್ಟ ಎದುರಾದದ್ದು ಗಣಿತದಲ್ಲಿ. ಆ ಕಾಲದಲ್ಲಿ ಇಂಗ್ಲಿಷ್ ಬ್ರೈಲ್, ಅಮೆರಿಕನ್ ಬ್ರೈಲ್, ನ್ಯೂಯಾರ್ಕ್ ಪಾಯಿಂಟ್ ಎಂಬ ಮೂರು ಬಗೆಯ ಚುಕ್ಕಿ ಲಿಪಿಗಳು ಬಳಕೆಯಲ್ಲಿದ್ದವು. ಸಾಮಾನ್ಯ ಬರಹವನ್ನು ಹೆಲೆನ್ ಮೂರರಲ್ಲೂ ಓದಬಲ್ಲವಳಾಗಿದ್ದಳು. ಆದರೆ ಗಣಿತದ ಚಿಹ್ನೆಗಳು ಮೂರರಲ್ಲೂ ಬೇರೆ ಬೇರೆ. ಬೀಜಗಣಿತವನ್ನು ಆಕೆ ಕಲಿತದ್ದು ಇಂಗ್ಲಿಷ್ ಬ್ರೈಲ್ ಚಿಹ್ನೆಗಳಲ್ಲಿ ಮಾತ್ರ. ಪ್ರಶ್ನೆಪತ್ರಿಕೆ ಬರುವುದು ಅಮೆರಿಕನ್ ಚಿಹ್ನೆಗಳಲ್ಲಿ.

ಇದು ಗೊತ್ತಾದದ್ದು ಪರೀಕ್ಷೆಗೆ ಎರಡೇ ದಿನ ಮೊದಲು, ಮಾದರಿಗಾಗಿ ವೈನಿಂಗ್ ಕಳುಹಿಸಿದ ಹಳೆಯ ಪ್ರಶ್ನೆಪತ್ರಿಕೆ ಕೈಸೇರಿದಾಗ. ಹೆಲೆನ್ ಕೂಡಲೇ ಪತ್ರ ಬರೆದು ಚಿಹ್ನೆಗಳ ವಿವರ ಕೇಳಿದಳು. ಮರುಟಪಾಲಿನಲ್ಲಿ ಪಟ್ಟಿ ಬಂದಿತು. ಬೀಜಗಣಿತದ ಪರೀಕ್ಷೆಯ ಹಿಂದಿನ ರಾತ್ರಿ, ಲೆಕ್ಕಗಳನ್ನು ಪುನರಾವರ್ತಿಸಬೇಕಾಗಿದ್ದ ಹೊತ್ತಿನಲ್ಲಿ, ಆಕೆ ಆವರಣಗಳಿಗೆ ಯಾವ ಚುಕ್ಕಿ, ವರ್ಗಮೂಲಕ್ಕೆ ಯಾವ ಚುಕ್ಕಿ ಎಂದು ಹುಡುಕುತ್ತಾ ಕುಳಿತಳು. ರೇಖಾಗಣಿತದಲ್ಲೂ ಅದೇ ಪಾಡು. ಪ್ರಮೇಯಗಳನ್ನು ಉಬ್ಬಕ್ಷರದಲ್ಲಿ ಓದಿ ಅಥವಾ ಅಂಗೈಯ ಮೇಲೆ ತಿಳಿದು ರೂಢಿಯಿದ್ದ ಆಕೆಗೆ ಅವುಗಳನ್ನು ಬ್ರೈಲ್‌ನಲ್ಲಿ ಓದಿ ಮನಸ್ಸಿನಲ್ಲಿ ಹಿಡಿದಿಡುವುದು ಗೊಂದಲವಾಯಿತು. ಚಿಹ್ನೆಗಳನ್ನು ಮತ್ತೆ ಮತ್ತೆ ತಡಕುವುದರಲ್ಲಿ ಸಮಯ ಕಳೆಯಿತು. ಟೈಪ್ ಮಾಡಿದ ಉತ್ತರಗಳನ್ನು ಈ ಸಲ ಯಾರೂ ಓದಿ ತಿಳಿಸಲಿಲ್ಲ.

ಆದರೂ ಆಕೆ ಉತ್ತೀರ್ಣಳಾದಳು. ಪರೀಕ್ಷೆಯನ್ನು ಇಷ್ಟು ಕಠಿಣಗೊಳಿಸುತ್ತಿದ್ದೇವೆಂದು ಕಾಲೇಜಿನವರಿಗೆ ಬಹುಶಃ ಅರಿವಾಗಿರಲಿಲ್ಲ ಎಂದು ಮುಂದೆ ತನ್ನ ಆತ್ಮಕಥೆಯಲ್ಲಿ ಆಕೆ ಕಹಿಯಿಲ್ಲದೆ ಬರೆದುಕೊಂಡಿದ್ದಾಳೆ.

ಓದುಗರೇ, ಇಲ್ಲಿ ಒಂದು ಕ್ಷಣ ನಿಲ್ಲೋಣ. ಆ ಬೀಜಗಣಿತದ ಪತ್ರಿಕೆ ಏನನ್ನು ಅಳೆಯಿತು? ಹೆಲೆನ್ ಬಲ್ಲ ಬೀಜಗಣಿತವನ್ನೇ? ಅಥವಾ ಎರಡು ದಿನದಲ್ಲಿ ಹೊಸ ಚಿಹ್ನೆಗಳನ್ನು ಕಲಿಯುವ ಶಕ್ತಿಯನ್ನೇ? ಎರಡೂ ಬೆರೆತು ಹೋದವು. ಆಕೆ ಅಸಾಧಾರಣ ಪ್ರತಿಭಾವಂತೆಯಾದ್ದರಿಂದ ಪಾರಾದಳು. ಸಾಧಾರಣ ಬುದ್ಧಿಯ ಮಗುವೊಂದು ಅಲ್ಲಿದ್ದಿದ್ದರೆ ಅನುತ್ತೀರ್ಣವಾಗುತ್ತಿತ್ತು, ಮಗುವಿಗೆ ಲೆಕ್ಕ ಬರುವುದಿಲ್ಲವೆಂದು ಎಲ್ಲರೂ ನಂಬುತ್ತಿದ್ದರು. ಹೆಲೆನ್‌ಳ ಛಲವನ್ನು ಹೊಗಳುವಾಗ ಈ ಮಗುವನ್ನು ನಾವು ಮರೆಯಬಾರದು.

ಪದವಿ ಮತ್ತು ಸೇವೆ

1900ರಲ್ಲಿ ರಾಡ್‌ಕ್ಲಿಫ್ ಸೇರಿದ ಹೆಲೆನ್ 1904ರಲ್ಲಿ ಗೌರವ ಶ್ರೇಣಿಯೊಂದಿಗೆ ಬಿ.ಎ. ಪದವಿ ಪಡೆದರು. ಕಣ್ಣು ಕಿವಿಗಳೆರಡೂ ಇಲ್ಲದವರೊಬ್ಬರು ಅಮೆರಿಕದಲ್ಲಿ ಈ ಪದವಿ ಪಡೆದದ್ದು ಅದೇ ಮೊದಲು. ವಿದ್ಯಾರ್ಥಿನಿಯಾಗಿದ್ದಾಗಲೇ, 1903ರಲ್ಲಿ, ಅವರ ಆತ್ಮಕಥೆ ಪುಸ್ತಕವಾಗಿ ಹೊರಬಂದು ಲೋಕಪ್ರಸಿದ್ಧವಾಯಿತು.

ಲಿಪಿಗಳ ಗೊಂದಲ ತಮ್ಮೊಬ್ಬರಿಗೇ ಸೀಮಿತವಲ್ಲವೆಂಬುದು ಅವರಿಗೆ ಗೊತ್ತಿತ್ತು. ಒಂದು ಊರಿನಲ್ಲಿ ಕಲಿತ ಅಂಧ ಮಗು ಇನ್ನೊಂದು ಊರಿನಲ್ಲಿ ಮುದ್ರಣವಾದ ಪುಸ್ತಕವನ್ನು ಓದಲಾಗದ ಸ್ಥಿತಿ ಅಮೆರಿಕದಲ್ಲಿತ್ತು. ಅಂಧರಿಗೆಲ್ಲ ಒಂದೇ ಲಿಪಿ ಬೇಕೆಂದು ವಾದಿಸಿದವರಲ್ಲಿ ಹೆಲೆನ್ ಕೂಡ ಒಬ್ಬರು. ಇಂಗ್ಲಿಷ್ ಓದುವ ದೇಶಗಳಿಗೆಲ್ಲ ಏಕರೂಪದ ಬ್ರೈಲ್ ಬಗ್ಗೆ 1932ರಲ್ಲಿ ಒಪ್ಪಂದವಾಯಿತು. ಗಣಿತದ ಚಿಹ್ನೆಗಳಿಗೆ ಸಮರ್ಪಕ ಪದ್ಧತಿ ರೂಪುಗೊಳ್ಳಲು ಇನ್ನೂ ಕಾಲ ಹಿಡಿಯಿತು. ಅದನ್ನು ರೂಪಿಸಿದವರು ಅಬ್ರಹಾಂ ನೆಮೆತ್ ಎಂಬ ಅಂಧ ಗಣಿತಜ್ಞರು. 1952ರಲ್ಲಿ ಅದು ಅಮೆರಿಕದಲ್ಲಿ ಅಂಗೀಕೃತವಾಯಿತು. ಹೆಲೆನ್ ಬೀಜಗಣಿತದ ಪರೀಕ್ಷೆ ಬರೆದು ಆಗ 53 ವರ್ಷಗಳಾಗಿದ್ದವು. ನಮ್ಮ ದೇಶದಲ್ಲಿ ಕನ್ನಡ, ಉರ್ದು ಸೇರಿದಂತೆ ಭಾರತೀಯ ಭಾಷೆಗಳಿಗಾಗಿ ಭಾರತಿ ಬ್ರೈಲ್ ಎಂಬ ಸಮಾನ ಪದ್ಧತಿ 1951ರಲ್ಲಿ ಜಾರಿಗೆ ಬಂದಿತು.

1924ರಿಂದ ಹೆಲೆನ್ ಅಮೆರಿಕದ ಅಂಧರ ಪ್ರತಿಷ್ಠಾನದ ಪರವಾಗಿ ದುಡಿದರು. 1936ರಲ್ಲಿ ಗುರು ಆನ್ ಸುಲಿವನ್ ತೀರಿಕೊಂಡ ನಂತರವೂ ಅವರ ಪ್ರಯಾಣ ನಿಲ್ಲಲಿಲ್ಲ. 1952ರಲ್ಲಿ ಅವರು ಈಜಿಪ್ಟ್, ಸಿರಿಯಾ, ಲೆಬನಾನ್, ಜೋರ್ಡಾನ್ ಮೊದಲಾದ ದೇಶಗಳಿಗೆ ಭೇಟಿ ಕೊಟ್ಟರು. ಈಜಿಪ್ಟಿನಲ್ಲಿ ಅವರು ಡಾ. ತಾಹಾ ಹುಸೈನ್ ಅವರನ್ನು ಕಂಡರು. ತಾಹಾ ಹುಸೈನ್ ಬಾಲ್ಯದಲ್ಲೇ ದೃಷ್ಟಿ ಕಳೆದುಕೊಂಡವರು. ಅಲ್ ಅಝ್‌ಹರ್‌ನಲ್ಲಿ ಓದಿ, 1914ರಲ್ಲಿ ಕೈರೋದ ಹೊಸ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದು, ಫ್ರಾನ್ಸಿನಲ್ಲಿ ಫ್ರೆಂಚ್ ಮತ್ತು ಲ್ಯಾಟಿನ್ ಕಲಿತು ಅಲ್ಲಿನ ಪರೀಕ್ಷೆಗಳನ್ನೂ ಗೆದ್ದವರು. 1950ರಿಂದ 1952ರವರೆಗೆ ಶಿಕ್ಷಣ ಸಚಿವರಾಗಿ ಈಜಿಪ್ಟಿನ ಮಕ್ಕಳಿಗೆ ಉಚಿತ ಶಿಕ್ಷಣದ ಬಾಗಿಲು ತೆರೆದವರು. ಇಂಗ್ಲಿಷ್ ಮತ್ತು ಅರಬಿ ಸಾಹಿತ್ಯ ಲೋಕಗಳಲ್ಲಿ ಹೆಸರು ಮಾಡಿದ ಇಬ್ಬರು ಅಂಧ ಲೇಖಕರ ಭೇಟಿ ಅದು. 1955ರಲ್ಲಿ ಹೆಲೆನ್ ಕೈಗೊಂಡ ಸುದೀರ್ಘ ಏಷ್ಯಾ ಪ್ರವಾಸದಲ್ಲಿ ಭಾರತಕ್ಕೂ ಪಾಕಿಸ್ತಾನಕ್ಕೂ ಬಂದರು. ಪ್ರಧಾನಿ ಜವಾಹರಲಾಲ್ ನೆಹರೂ ಅವರನ್ನು ಭೇಟಿಯಾದರು. 1968ರ ಜೂನ್ 1ರಂದು, 88 ತುಂಬಲು ಕೆಲವೇ ದಿನಗಳಿರುವಾಗ, ನಿಧನರಾದರು.

ಅವರ ನಂತರ ಬಂದ ಕಾನೂನುಗಳು

ಹೆಲೆನ್‌ಗೆ ದೊರೆತ ಏರ್ಪಾಡುಗಳು ಆಯಾ ಅಧಿಕಾರಿಗಳ ಮನಸ್ಸಿಗೆ ಬಂದಂತೆ ದೊರೆತವು. ಮೊದಲ ಸಲ ಒಂದು ರೀತಿ, ಎರಡನೆಯ ಸಲ ಇನ್ನೊಂದು ರೀತಿ. ಅದು ಹಕ್ಕಾದದ್ದು ಅವರ ಮರಣಾನಂತರ. ಅಮೆರಿಕದಲ್ಲಿ 1973ರ ಕಾನೂನು ಸರ್ಕಾರಿ ನೆರವು ಪಡೆಯುವ ಸಂಸ್ಥೆಗಳು ವಿಕಲಚೇತನರಿಗೆ ತಾರತಮ್ಯ ಮಾಡುವುದನ್ನು ನಿಷೇಧಿಸಿತು. 1975ರ ಕಾನೂನು ಪ್ರತಿಯೊಂದು ವಿಕಲಚೇತನ ಮಗುವಿಗೂ ಶಾಲಾ ಶಿಕ್ಷಣದ ಹಕ್ಕು ನೀಡಿತು.

ಆದರೆ ಶಾಲೆಯೊಳಗೆ ಬಂದ ಮಕ್ಕಳು ಪರೀಕ್ಷೆಯ ಹೊರಗೇ ಉಳಿದರು. ರಾಜ್ಯಮಟ್ಟದ ಪರೀಕ್ಷೆಗಳಲ್ಲಿ ಅಂಥ ಮಕ್ಕಳನ್ನು ಕೈಬಿಡುವುದು ಅನೇಕ ಕಡೆ ರೂಢಿಯಾಗಿತ್ತು. ನೋಡುವವರಿಗೆ ಇದು ದಯೆಯಂತೆ ಕಾಣುತ್ತದೆ. ಪಾಪ, ಆ ಮಗುವಿಗೆ ಏಕೆ ಕಷ್ಟ ಎಂದು. ಆದರೆ ಪರೀಕ್ಷೆ ಬರೆಯದ ಮಗುವಿನ ಅಂಕ ಲೆಕ್ಕಕ್ಕೆ ಬರುವುದಿಲ್ಲ. ಲೆಕ್ಕಕ್ಕೆ ಬಾರದ ಮಗು ಕಲಿತಿದೆಯೇ ಇಲ್ಲವೇ ಎಂದು ಯಾರೂ ಕೇಳುವುದಿಲ್ಲ. ಈ ಕಾರಣದಿಂದಲೇ 1997ರಲ್ಲಿ ಕಾನೂನಿಗೆ ತಿದ್ದುಪಡಿ ತಂದು ವಿಕಲಚೇತನ ವಿದ್ಯಾರ್ಥಿಗಳನ್ನು ಸಾಮಾನ್ಯ ಪರೀಕ್ಷೆಗಳಲ್ಲಿ, ಸೂಕ್ತ ಏರ್ಪಾಡುಗಳೊಂದಿಗೆ, ಸೇರಿಸಬೇಕೆಂದು ವಿಧಿಸಲಾಯಿತು. 2002ರ ಜನವರಿಯಲ್ಲಿ ಸಹಿಯಾದ ನೋ ಚೈಲ್ಡ್ ಲೆಫ್ಟ್ ಬಿಹೈಂಡ್ ಕಾನೂನು, ವಿಕಲಚೇತನ ಮಕ್ಕಳಾಗಲಿ, ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳಾಗಲಿ, ಪ್ರತಿ ಗುಂಪಿನಲ್ಲೂ ಕನಿಷ್ಠ ಶೇ. 95ರಷ್ಟು ಮಂದಿ ಪರೀಕ್ಷೆ ಬರೆಯಲೇಬೇಕೆಂದು ಹೇಳಿತು. 2015ರಲ್ಲಿ ಅದರ ಬದಲು ಬಂದ ಕಾನೂನು ಕೂಡ ಈ ನಿಯಮವನ್ನು ಉಳಿಸಿಕೊಂಡಿತು.

ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳೆಂದರೆ ಮನೆಯಲ್ಲಿ ಸ್ಪ್ಯಾನಿಷ್, ಚೀನೀ, ಅರಬಿ ಮೊದಲಾದ ಭಾಷೆಗಳನ್ನಾಡುವವರು. ಅವರ ಕಷ್ಟ ಹೆಲೆನ್‌ಳ ಬೀಜಗಣಿತದ ಕಷ್ಟವೇ. ಲೆಕ್ಕ ಗೊತ್ತಿದೆ, ಲೆಕ್ಕ ಕೇಳಿದ ಭಾಷೆ ಗೊತ್ತಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಮೆಕ್ಸಿಕೋ ಮೂಲದ ಒಂಬತ್ತು ಮಕ್ಕಳನ್ನು ಇಂಗ್ಲಿಷಿನಲ್ಲಿ ನಡೆಸಿದ ಬುದ್ಧಿಮತ್ತೆಯ ಪರೀಕ್ಷೆಯ ಆಧಾರದಲ್ಲಿ ಮಂದಬುದ್ಧಿಯವರ ತರಗತಿಗೆ ಹಾಕಲಾಗಿತ್ತು. ಸ್ಪ್ಯಾನಿಷ್‌ನಲ್ಲಿ ಮತ್ತೆ ಪರೀಕ್ಷಿಸಿದಾಗ ಅವರಲ್ಲಿ ಹೆಚ್ಚಿನವರು ಮಂದಬುದ್ಧಿಯವರಲ್ಲವೆಂದು ತಿಳಿಯಿತು. 1970ರಲ್ಲಿ ಆ ಮೊಕದ್ದಮೆ ರಾಜಿಯಲ್ಲಿ ಮುಗಿದು, ಮಗುವಿನ ಮನೆಮಾತಿನಲ್ಲೂ ಪರೀಕ್ಷಿಸಬೇಕೆಂಬ ನಿಯಮ ಅಲ್ಲಿ ಬಂದಿತು. ಭಾಷೆ ತಿಳಿಯದ ಮಕ್ಕಳಿಗೆ ಎಲ್ಲರಂತೆ ಅದೇ ಪುಸ್ತಕ, ಅದೇ ಪಾಠ ಕೊಟ್ಟರೆ ಅದು ಸಮಾನತೆಯಾಗದು ಎಂದು 1974ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ವಿದ್ಯಾರ್ಥಿಗಳ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ತೀರ್ಪು ನೀಡಿತು.

ಹಾಗಾದರೆ ಏನು ಬೇಕಾದರೂ ಬದಲಿಸಬಹುದೇ? ಇಲ್ಲ. ಯಾವುದನ್ನು ಅಳೆಯಲು ಪರೀಕ್ಷೆ ನಡೆಸುತ್ತೇವೆಯೋ ಅದನ್ನು ಮುಟ್ಟಬಾರದು. ಗಣಿತದ ಪ್ರಶ್ನೆಯನ್ನು ಅಂಧ ಮಗುವಿಗೆ ಓದಿ ಹೇಳಿದರೆ ಗಣಿತ ಸುಲಭವಾಗುವುದಿಲ್ಲ. ಆದರೆ ಓದುವ ಸಾಮರ್ಥ್ಯವನ್ನೇ ಪರೀಕ್ಷಿಸುವಾಗ ಪಾಠವನ್ನು ಓದಿ ಹೇಳಿದರೆ ಪರೀಕ್ಷೆಯೇ ಅರ್ಥ ಕಳೆದುಕೊಳ್ಳುತ್ತದೆ. ಕಠಿಣ ಪದಗಳ ಅರ್ಥಪಟ್ಟಿ ಕೊಡುವುದು, ವಾಕ್ಯ ಸರಳಗೊಳಿಸುವುದು, ಎರಡು ಭಾಷೆಗಳಲ್ಲಿ ಪ್ರಶ್ನೆ ಮುದ್ರಿಸುವುದು ವಿಜ್ಞಾನದ ಪರೀಕ್ಷೆಯಲ್ಲಿ ಸರಿ. ಭಾಷೆಯ ಪರೀಕ್ಷೆಯಲ್ಲಿ ಯೋಚಿಸಬೇಕಾದ ವಿಷಯ.

233ನೆಯ ಸಂಖ್ಯೆಯ ನೆನಪಿದೆಯಲ್ಲವೇ? ಅಮೆರಿಕದ ಪ್ರಸಿದ್ಧ ಕಾಲೇಜು ಪ್ರವೇಶ ಪರೀಕ್ಷೆಯಾದ ಎಸ್.ಎ.ಟಿ.ಯಲ್ಲಿ ವೈಕಲ್ಯದ ಕಾರಣ ಹೆಚ್ಚುವರಿ ಸಮಯ ಪಡೆದವರ ಅಂಕಪಟ್ಟಿಗೆ, ಇದು ಸಾಮಾನ್ಯ ಸ್ಥಿತಿಯಲ್ಲಿ ಬರೆದುದಲ್ಲ ಎಂಬ ಗುರುತು ಹಾಕುತ್ತಿದ್ದರು. ಮೊಕದ್ದಮೆಯ ಪರಿಣಾಮವಾಗಿ ಆ ಗುರುತು 2003ರಲ್ಲಿ ನಿಂತಿತು. ಹೆಲೆನ್ ಬಯಸಿದ ಅನಾಮಧೇಯತೆ ಮುಂದಿನ ಪೀಳಿಗೆಯ ಮಕ್ಕಳಿಗೆ ಸಿಗಲು ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು.

ನಮ್ಮ ಮುಂದಿರುವ ಕರ್ತವ್ಯ

ಪವಿತ್ರ ಕುರ್‌ಆನಿನ 80ನೆಯ ಅಧ್ಯಾಯ ‘ಅಬಸ’ದ ಹಿನ್ನೆಲೆಯನ್ನು ನೀವು ಬಲ್ಲಿರಿ. ಪ್ರವಾದಿ ಮುಹಮ್ಮದ್ (ಸ) ಕುರೈಶ್ ಮುಖಂಡರೊಂದಿಗೆ ಮಾತುಕತೆಯಲ್ಲಿದ್ದಾಗ ಕಲಿಯುವ ಹಂಬಲದಿಂದ ಬಂದ ಅಂಧ ಸಹಾಬಿ ಅಬ್ದುಲ್ಲಾಹ್ ಇಬ್ನ್ ಉಮ್ಮು ಮಕ್ತೂಮ್ (ರ) ಅವರ ಕಡೆಗೆ ಗಮನ ಸೆಳೆಯುತ್ತಾ ಆ ಅಧ್ಯಾಯ ಅವತೀರ್ಣವಾಯಿತು. ಮುಂದೆ ಅದೇ ಸಹಾಬಿ ಮದೀನಾದಲ್ಲಿ ಅದಾನ್ ಕೊಡುವವರಲ್ಲಿ ಒಬ್ಬರಾದರು. ನಮ್ಮ ಹಿಫ್ಝ್ ಪರಂಪರೆಯೂ ಇದನ್ನೇ ತೋರಿಸುತ್ತದೆ. ಕಣ್ಣಿಲ್ಲದ ಹಾಫಿಝರು ಪ್ರತಿ ಪೀಳಿಗೆಯಲ್ಲೂ ಆಗಿಹೋಗಿದ್ದಾರೆ. ಉಸ್ತಾದರು ಅವರಿಗೆ ಕಿವಿಯ ಮೂಲಕ ಕಲಿಸಿದರು, ಬಾಯಿಯ ಮೂಲಕ ಪರೀಕ್ಷಿಸಿದರು. ಕಂಠಪಾಠದಲ್ಲಿ ಒಂದು ಹರಕತ್ತಿನ ರಿಯಾಯಿತಿಯನ್ನೂ ಅವರಿಗೆ ಯಾರೂ ಕೊಡಲಿಲ್ಲ, ಅವರು ಕೇಳಲೂ ಇಲ್ಲ.

ಭಾರತದಲ್ಲಿ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಕಲಿಕಾ ನ್ಯೂನತೆಯೂ ಅವುಗಳಲ್ಲಿ ಒಂದು. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಸ್ಕ್ರೈಬ್ ಎಂದು ಕರೆಯಲಾಗುವ ಸಹಾಯಕ ಬರಹಗಾರ, ಎರಡನೆಯ ಮತ್ತು ಮೂರನೆಯ ಭಾಷೆಗಳಿಂದ ವಿನಾಯಿತಿ ಮೊದಲಾದ ಸೌಲಭ್ಯಗಳನ್ನು ಆ ಕಾಯ್ದೆಯೇ ಹೆಸರಿಸುತ್ತದೆ. ಕೇಂದ್ರ ಸರ್ಕಾರದ 2013ರ ಮಾರ್ಗಸೂಚಿ ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷಗಳ ಹೆಚ್ಚುವರಿ ಸಮಯ ಸೂಚಿಸಿತ್ತು. ವೈಕಲ್ಯ ಶೇ. 40ಕ್ಕಿಂತ ಕಡಿಮೆ ಎಂಬ ಒಂದೇ ಕಾರಣಕ್ಕೆ ಬರಹಗಾರರ ನೆರವನ್ನು ನಿರಾಕರಿಸಬಾರದು ಎಂದು 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿತು.

ಕಾನೂನಿದ್ದರೂ ಅರ್ಜಿ ಹಾಕುವವರು ಬೇಕು. ನಿಮ್ಮ ಮನೆಯಲ್ಲೋ ನೆರೆಯಲ್ಲೋ ಜಮಾಅತ್‌ನಲ್ಲೋ ಇಂಥ ಮಗುವಿದ್ದರೆ ಪರೀಕ್ಷೆಯ ಹೊಸ್ತಿಲಿನವರೆಗೆ ಕಾಯಬೇಡಿ. ವೈದ್ಯಕೀಯ ಪ್ರಮಾಣಪತ್ರ, ಯುಡಿಐಡಿ ಕಾರ್ಡುಗಳನ್ನು ಮೊದಲೇ ಮಾಡಿಸಿ, ಮುಖ್ಯೋಪಾಧ್ಯಾಯರ ಮೂಲಕ ಪರೀಕ್ಷಾ ಮಂಡಳಿಗೆ ಸಕಾಲದಲ್ಲಿ ಕೋರಿಕೆ ಸಲ್ಲಿಸಿ. ಸಹಾಯಕ ಬರಹಗಾರನೊಂದಿಗೆ ಮಗು ಮೊದಲೇ ನಾಲ್ಕಾರು ಸಲ ಅಭ್ಯಾಸ ಮಾಡಲಿ. ಎರಡು ದಿನ ಮೊದಲು ಬಂದ ಸೌಲಭ್ಯ ಹೇಗೆ ಅಡಚಣೆಯಾಗುತ್ತದೆ ಎಂಬುದನ್ನು 1899ರ ಆ ರಾತ್ರಿಯಿಂದ ನಾವು ಕಲಿತಿದ್ದೇವೆ. ಹೀಗೆ ಕೇಳುವುದರಲ್ಲಿ ನಾಚಿಕೆಯಿಲ್ಲ. ನಾವು ಕೇಳುತ್ತಿರುವುದು ಕೃಪಾಂಕವಲ್ಲ.

ಭಾಷೆಯ ಮಾತೂ ಹಾಗೆಯೇ. ಮನೆಯಲ್ಲಿ ಬ್ಯಾರಿ, ನವಾಯತಿ, ಉರ್ದು ಆಡುವ ನಮ್ಮ ಮಕ್ಕಳು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಪರೀಕ್ಷೆ ಬರೆಯುತ್ತಾರೆ. ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆಗಳು ಕನ್ನಡ, ಇಂಗ್ಲಿಷ್ ಅಲ್ಲದೆ ಉರ್ದು, ಮರಾಠಿ ಮೊದಲಾದ ಮಾಧ್ಯಮಗಳಲ್ಲಿ ದೊರೆಯುತ್ತವೆ. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯನ್ನು 2017ರಿಂದ ಕನ್ನಡದಲ್ಲೂ 2018ರಿಂದ ಉರ್ದುವಿನಲ್ಲೂ ಬರೆಯಲು ಅವಕಾಶವಾಯಿತು. ಮನೆಮಾತಿನಲ್ಲಿ ಪ್ರಶ್ನೆಪತ್ರಿಕೆಯೇ ಇಲ್ಲದ ಮಗುವಿಗೆ ಮಾಧ್ಯಮದ ಭಾಷೆಯನ್ನು ಗಟ್ಟಿಯಾಗಿ ಕಲಿಸುವ ಹೊಣೆ ಶಿಕ್ಷಕರದ್ದು, ನಮ್ಮಂಥ ಸಂಸ್ಥೆಗಳದ್ದು. ಮಗು ವಿಜ್ಞಾನದಲ್ಲಿ ಕಡಿಮೆ ಅಂಕ ತಂದಾಗ ದಡ್ಡನೆಂದು ತೀರ್ಮಾನಿಸುವ ಮೊದಲು ಅದೇ ಪ್ರಶ್ನೆಯನ್ನು ಮನೆಮಾತಿನಲ್ಲಿ ಒಮ್ಮೆ ಕೇಳಿ ನೋಡಿ. ಬಾಯಿಮಾತಿನಲ್ಲಿ ಸರಿಯುತ್ತರ ಬಂದರೆ ಅಲ್ಲಿ ಕೊರತೆಯಿರುವುದು ವಿಜ್ಞಾನದಲ್ಲಲ್ಲ ಎಂದು ನಿಮಗೇ ತಿಳಿಯುತ್ತದೆ. ಏನನ್ನು ಕಲಿಸಬೇಕೆಂಬುದೂ ಆಗ ಸ್ಪಷ್ಟವಾಗುತ್ತದೆ.

ಹೆಲೆನ್ ಕೆಲರ್ ಅವರಂಥ ಮೇಧಾವಿಗಳು ನೂರು ವರ್ಷಕ್ಕೊಬ್ಬರು ಹುಟ್ಟುತ್ತಾರೆ. ಬೆರಳಕ್ಷರ ಕಲಿತ ಆ ಜರ್ಮನ್ ಶಿಕ್ಷಕಿಯಂಥವರಾಗಲು ಮೇಧಾವಿಯಾಗಬೇಕಿಲ್ಲ, ಬಿಡುವಿನ ಒಂದಿಷ್ಟು ವೇಳೆ ಸಾಕು. ಬರುವ ಶೈಕ್ಷಣಿಕ ವರ್ಷದಲ್ಲಿ ನಿಮ್ಮ ಶಾಲೆಯ, ನಿಮ್ಮ ಮೊಹಲ್ಲಾದ ಒಂದು ಮಗುವಿಗಾದರೂ ಅಂಥವರಾಗಿರಿ ಎಂದು ಕೋರುತ್ತೇನೆ.